ಪ್ರತಿಭಾವಂತನ ಕೋಪಕ್ಕೆ ರಿಯಾಯಿತಿ ಉಂಟೆ?

ಜೈನ ಮನೆಗಳಲ್ಲಿ ಕೆಲವು ಮಾತುಗಳು ತಲೆಮಾರುಗಳಿಂದ ಹಾಗೆಯೇ ಉಳಿದುಬಂದಿವೆ. "ಅವರ ಬಾಯಿ ಒರಟು, ಮನಸ್ಸು ಬೆಣ್ಣೆ." "ಸಿಟ್ಟು ಮೂಗಿನ ತುದಿಯಲ್ಲಿದೆ, ಆದರೆ ಕೆಲಸದಲ್ಲಿ ಎತ್ತಿದ ಕೈ." ಮನೆಯ ಯಜಮಾನರನ್ನು ಕುರಿತು, ಅಂಗಡಿಯ ಪಾಲುದಾರರನ್ನು ಕುರಿತು, ಬಸದಿಯ ಆಡಳಿತ ಮಂಡಳಿಯ ಅಧ್ಯಕ್ಷರನ್ನು ಕುರಿತು ಹೀಗೆ ನುಡಿಯುವವರು ತಾವು ಔದಾರ್ಯ ತೋರುತ್ತಿದ್ದೇವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅವರು ಒಂದು ಸಿದ್ಧಾಂತವನ್ನೇ ಮಂಡಿಸುತ್ತಿರುತ್ತಾರೆ. ಸಾಮರ್ಥ್ಯವುಳ್ಳವನಿಗೆ ಕ್ರೋಧವು ದೋಷವಲ್ಲ, ಅದು ಅವನ ಸಾಮರ್ಥ್ಯದ ಬೆಲೆ, ಬಹುಶಃ ಅದರ ಮೂಲವೂ ಅದೇ, ಎಂಬುದು ಆ ಸಿದ್ಧಾಂತ. ಜಿನಾಗಮದಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಸಮಾಜದಲ್ಲಿ ಇದಕ್ಕಿರುವಷ್ಟು ಅನುಯಾಯಿಗಳು ಅನೇಕ ವ್ರತಗಳಿಗೆ ಇಲ್ಲ. ಇದನ್ನು ಪರೀಕ್ಷಿಸುವುದಕ್ಕೆ ದೂರದ ಉದಾಹರಣೆಯೇ ಲೇಸು. ಹತ್ತಿರದ ಉದಾಹರಣೆಗಳಲ್ಲಿ ನೆಂಟಸ್ತಿಕೆ ಅಡ್ಡ ಬರುತ್ತದೆ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರೋಸ್‌ಬರೊ ಎಂಬ ಸಣ್ಣ ಊರಿನಲ್ಲಿ 1961ರಲ್ಲಿ ಜನಿಸಿದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ವೃತ್ತಿಯಿಂದ ಪೂಲ್ ಆಟಗಾರ. ಪೂಲ್ ಎಂಬುದು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳ ಬಳಗದ ಆಟ. ಅದರಲ್ಲಿ ಒಂಬತ್ತು ಚೆಂಡುಗಳ ಪ್ರಕಾರವೊಂದಿದೆ. ಮೇಜಿನ ಮೇಲೆ ಉಳಿದಿರುವ ಚೆಂಡುಗಳಲ್ಲಿ ಅತಿ ಕಿರಿಯ ಸಂಖ್ಯೆಯದನ್ನೇ ಮೊದಲು ತಾಗಿಸಬೇಕು. ಒಂಬತ್ತನೆಯದನ್ನು ನಿಯಮದಂತೆ ಗುಳಿಗೆ ಕೆಡವಿದವನು ಆ ಆಟವನ್ನು ಗೆಲ್ಲುತ್ತಾನೆ. ಸ್ಟ್ರಿಕ್‌ಲ್ಯಾಂಡ್ ಈ ಪ್ರಕಾರದಲ್ಲಿ ಅಮೆರಿಕದ ಮುಕ್ತ ಪಂದ್ಯಾವಳಿಯನ್ನು 1984, 1987, 1993, 1997 ಮತ್ತು 2000ರಲ್ಲಿ, ಅಂದರೆ ಐದು ಬಾರಿ, ಗೆದ್ದ. 1990, 1991 ಮತ್ತು 2002ರಲ್ಲಿ ವಿಶ್ವ ವಿಜೇತನಾದ. ಕೈಚಳಕದಲ್ಲಿ ಆತನಿಗೆ ಸಮನಾದವರು ಬೆರಳೆಣಿಕೆಯಷ್ಟು ಮಂದಿ. ಅದೇ ಪ್ರಮಾಣದಲ್ಲಿ ಆತನ ಸಿಟ್ಟೂ ಪ್ರಸಿದ್ಧ. ಪ್ರೇಕ್ಷಕರೊಡನೆ ವಾಗ್ವಾದ, ಎದುರಾಳಿಗಳೊಡನೆ ಜಗಳ, ಪಂಚರ ಮೇಲೆ ಆಕ್ಷೇಪ, ಮೇಜಿನ ಹಾಸುಬಟ್ಟೆಯ ಮೇಲೂ ದೂರು. ಯೂರೋಪು ಮತ್ತು ಅಮೆರಿಕ ತಂಡಗಳ ನಡುವೆ 1994ರಿಂದ ನಡೆಯುತ್ತ ಬಂದಿರುವ ಮೊಸ್ಕೋನಿ ಕಪ್ ಸ್ಪರ್ಧೆಯಲ್ಲಿ ಗದ್ದಲವೆಬ್ಬಿಸುವ ಪ್ರೇಕ್ಷಕರಿಗೆ ಆತನನ್ನು ಕೆಣಕುವುದೇ ಒಂದು ವಿನೋದವಾಗಿತ್ತು.

ಜೂಜುಕಟ್ಟೆಗಳಲ್ಲಿ ಬೆಳೆದ ಆಟದವನ ಕಥೆ ಶ್ರಾವಕರಿಗೇಕೆ ಎಂದು ಕೇಳುವವರಿರಬಹುದು. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು, ನಿಜ. ಆದರೆ ನಿಃಶಂಕಿತ ಅಂಗಕ್ಕೆ ಅಂಜನಚೋರನನ್ನು ಉದಾಹರಣೆಯಾಗಿ ಇಟ್ಟುಕೊಂಡ ಪರಂಪರೆಗೆ ಈ ಮಡಿವಂತಿಕೆ ಒಪ್ಪುವುದಿಲ್ಲ.

ಈ ಆಟದ ವೈಶಿಷ್ಟ್ಯವಿರುವುದು ಮೇಜಿನಲ್ಲಲ್ಲ, ಅದರ ಪಕ್ಕದ ಕುರ್ಚಿಯಲ್ಲಿ. ಟೆನಿಸ್‌ನಲ್ಲಿ ಎದುರಾಳಿಯ ಹೊಡೆತಕ್ಕೆ ಮರುಹೊಡೆತವುಂಟು. ಕುಸ್ತಿಯಲ್ಲಿ ಪಟ್ಟಿಗೆ ಮರುಪಟ್ಟುಂಟು. ಇಲ್ಲಿ ಒಬ್ಬನು ಚೆಂಡುಗಳನ್ನು ಒಂದೊಂದಾಗಿ ಕೆಡವುತ್ತಿರುವಷ್ಟು ಕಾಲವೂ ಇನ್ನೊಬ್ಬನು ಸುಮ್ಮನೆ ಕುಳಿತಿರಬೇಕು. ಏಳುವಂತಿಲ್ಲ, ಮಾತನಾಡುವಂತಿಲ್ಲ, ಮುಟ್ಟುವಂತಿಲ್ಲ. ತಾನು ಮಾಡಿದ ಒಂದು ಸಣ್ಣ ತಪ್ಪಿನ ಫಲವನ್ನು ಇನ್ನೊಬ್ಬನು ಉಣ್ಣುವುದನ್ನು ಕಣ್ಣೆದುರಿಗೇ ನೋಡುತ್ತ, ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಕಳೆಯಬೇಕು. ನಲವತ್ತೆಂಟು ನಿಮಿಷಗಳ ಸಾಮಾಯಿಕಕ್ಕೆ ಕುಳಿತು ಹತ್ತನೆಯ ನಿಮಿಷಕ್ಕೇ ಗಡಿಯಾರದ ಕಡೆ ಹೊರಳುವ ದೃಷ್ಟಿಯನ್ನು ಬಲ್ಲವರಿಗೆ ಆ ಕುರ್ಚಿ ಎಷ್ಟು ಕಠಿಣವೆಂದು ವಿವರಿಸಬೇಕಾಗಿಲ್ಲ. ಕೈ ಮಾಡಲು ಏನೂ ಇಲ್ಲದಿರುವಾಗ ಮನಸ್ಸು ಏನು ಮಾಡುತ್ತದೆ ಎಂಬುದೇ ಅಲ್ಲಿಯ ಪರೀಕ್ಷೆ. ಮೇಜಿನೆದುರು ನಿಂತಾಗ ಸಾಟಿಯಿಲ್ಲದ ಸ್ಟ್ರಿಕ್‌ಲ್ಯಾಂಡ್ ಸೋತದ್ದು ಬಹಳ ಸಲ ಆ ಕುರ್ಚಿಯಲ್ಲಿಯೇ.

ಆತನ ಪರ ವಾದಿಸುವವರ ಬಳಿ ಸಬಲವಾದ ಪುರಾವೆಯೊಂದಿದೆ. 1996ರಲ್ಲಿ ಟೆಕ್ಸಸ್‌ನ ಡಲ್ಲಾಸ್ ನಗರದ ಪಂದ್ಯಾವಳಿಯೊಂದರಲ್ಲಿ, ಎದುರಾಳಿಗೆ ಸರದಿಯನ್ನೇ ಕೊಡದೆ ಸತತವಾಗಿ 10 ಆಟಗಳನ್ನು ಮುಗಿಸಿದವನಿಗೆ 10 ಲಕ್ಷ ಡಾಲರ್ ಬಹುಮಾನವೆಂದು ಸಾರಲಾಗಿತ್ತು. ಸ್ಟ್ರಿಕ್‌ಲ್ಯಾಂಡ್ 11 ಆಟಗಳನ್ನು ಮುಗಿಸಿದ. ಬಹುಮಾನಕ್ಕೆ ಹೊಣೆಯಾಗಿದ್ದ ವಿಮೆಯವರು ತಕರಾರು ತೆಗೆದರು. ವ್ಯವಹಾರ ವ್ಯಾಜ್ಯಕ್ಕೆ ಹೋಗಿ ಕಡೆಗೆ ರಾಜಿಯಲ್ಲಿ ಮುಗಿಯಿತು. ಇಂಥವನಿಗೆ ಸಿಟ್ಟು ಬಾರದಿದ್ದೀತೆ ಎಂಬುದು ಅವರ ಪ್ರಶ್ನೆ. ಬರಲು ಕಾರಣವಿತ್ತು ಎಂಬುದನ್ನು ಅಲ್ಲಗಳೆಯುವುದು ಅನ್ಯಾಯವಾಗುತ್ತದೆ.

ಆದರೆ ಇಲ್ಲಿಯೇ ಜೈನ ವಿಚಾರವು ಲೋಕರೂಢಿಯಿಂದ ಬೇರೆಯಾಗುತ್ತದೆ. ನಿಮಿತ್ತ ಬೇರೆ, ಉಪಾದಾನ ಬೇರೆ. ಪ್ರೇಕ್ಷಕನ ಕೂಗು ನಿಮಿತ್ತ, ಹಾಸುಬಟ್ಟೆ ನಿಮಿತ್ತ, ವಿಮೆಯವರ ತಕರಾರೂ ನಿಮಿತ್ತವೇ. ಕ್ರೋಧರೂಪವಾಗಿ ಪರಿಣಮಿಸುವುದು ಮಾತ್ರ ಆತ್ಮ. ನಿಮಿತ್ತಗಳನ್ನು ಒಂದೊಂದಾಗಿ ನಿವಾರಿಸುತ್ತ ಹೋದರೆ ಶಾಂತಿ ದೊರೆಯುವುದೆಂದು ನಂಬಿದವನಿಗೆ ಕೆಲಸ ಮುಗಿಯುವುದಿಲ್ಲ. ನಂತರದ ವರ್ಷಗಳಲ್ಲಿ ಸ್ಟ್ರಿಕ್‌ಲ್ಯಾಂಡ್ ಸದ್ದು ಕೇಳಿಸದಂತೆ ಕಿವಿಗಳಿಗೆ ದಪ್ಪ ಮುಚ್ಚಳಗಳನ್ನು ಧರಿಸಿ, ತೋಳಿಗೆ ಭಾರದ ಪಟ್ಟಿಗಳನ್ನು ಕಟ್ಟಿಕೊಂಡು ಆಡಲು ಬಂದ. ಅದನ್ನು ಕಂಡು ನಕ್ಕವರು ಹಲವರು. ನಗುವಂಥದೇನೂ ಅದರಲ್ಲಿಲ್ಲ. ಹೊರಗಿನ ಸದ್ದನ್ನು ಅಷ್ಟು ಪ್ರಾಮಾಣಿಕವಾಗಿ ತಡೆಯಲು ಯತ್ನಿಸಿದವನು ಒಳಗಿನದನ್ನು ತಡೆಯುವ ವಿದ್ಯೆಯನ್ನು ಯಾರಿಂದಲೂ ಕಲಿಯದೆ ಹೋದನಲ್ಲ ಎಂಬ ಕನಿಕರವಷ್ಟೇ ಉಳಿಯುತ್ತದೆ.

ಇನ್ನು ಎರಡನೆಯ ವಾದ: ಕೋಪವೇ ಆತನನ್ನು ಗೆಲ್ಲಿಸಿತು. ಇದಕ್ಕೆ 2002ರ ಕಾರ್ಡಿಫ್ ವಿಶ್ವ ಪಂದ್ಯಾವಳಿಯನ್ನು ಮುಂದಿಡಬಹುದು. ಅಂತಿಮ ಪಂದ್ಯದಲ್ಲಿ ಎದುರಾಳಿಯಾಗಿದ್ದವನು ಫಿಲಿಪೈನ್ಸ್‌ನ ಫ್ರಾನ್ಸಿಸ್ಕೊ ಬುಸ್ತಮಾಂಟೆ. ಪಂದ್ಯಾವಳಿಯ ನಡುವೆಯೇ ಆತನಿಗೆ ತನ್ನ ಹಸುಗೂಸು ಮಗಳು ತೀರಿಕೊಂಡ ಸುದ್ದಿ ಬಂದಿತ್ತು. ಆ ದುಃಖವನ್ನು ಹೊತ್ತು ಅಂತಿಮದವರೆಗೆ ಬಂದ ಬುಸ್ತಮಾಂಟೆ 15–17ರಿಂದ ಸೋತ. ಕಿರೀಟ ಸ್ಟ್ರಿಕ್‌ಲ್ಯಾಂಡನಿಗೆ ಸಂದಿತು. ಸಹನೆ ಸೋತಿತು, ಉಗ್ರತೆ ಗೆದ್ದಿತು, ಈಗೇನು ಹೇಳುತ್ತೀರಿ ಎಂದು ಕೇಳಿದರೆ ಉತ್ತರ ಸರಳವಾಗಿದೆ. ಕ್ಷಮೆಯು ಬಹುಮಾನ ತರುತ್ತದೆಂದು ಯಾವ ಆಚಾರ್ಯರೂ ವಾಗ್ದಾನ ಮಾಡಿಲ್ಲ. ಹಾಗೆ ವಾಗ್ದಾನ ಮಾಡುವ ಈಚಿನ ಪ್ರವಚನಕಾರರು, ಸಿಟ್ಟು ಬಿಟ್ಟರೆ ವ್ಯಾಪಾರ ವೃದ್ಧಿಯಾಗುವುದೆಂದು ಹೇಳುವವರು, ಕ್ಷಮೆಯನ್ನು ಲೋಭದ ಸೇವಕಿಯನ್ನಾಗಿ ಮಾಡುತ್ತಿದ್ದಾರೆ.

ಅಲ್ಲದೆ ಕೋಪ ಗೆಲ್ಲಿಸಿತೆಂಬುದಕ್ಕೆ ಆಧಾರವಾದರೂ ಏನು? 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಫಿಲಿಪೈನ್ಸ್‌ನ ಎಫ್ರೆನ್ ರೇಯೆಸ್ ಮೂರು ದಿನಗಳ ಸ್ಪರ್ಧೆಯೊಂದನ್ನು ಆಡಿದರು. ಮೊದಲು 120 ಆಟ ಗೆದ್ದವನಿಗೆ ಒಂದು ಲಕ್ಷ ಡಾಲರ್, ಸೋತವನಿಗೆ ಏನೂ ಇಲ್ಲ. ರೇಯೆಸ್ 120–117ರಿಂದ ಗೆದ್ದ. ಆತನನ್ನು ಆಟದ ಲೋಕ ಮಾಂತ್ರಿಕನೆಂದು ಕರೆಯುತ್ತದೆ. ಗೆದ್ದರೂ ಸೋತರೂ ಒಂದೇ ಬಗೆಯ ನಸುನಗೆಯವನೆಂದು ಹೆಸರು. 237 ಆಟಗಳಲ್ಲಿ ಇಬ್ಬರ ನಡುವಿನ ಅಂತರ ಮೂರು. ಪ್ರತಿಭೆಗೆ ಸಿಟ್ಟು ಅವಶ್ಯವಾಗಿದ್ದರೆ ರೇಯೆಸ್‌ನ ಪ್ರತಿಭೆ ಎಲ್ಲಿಂದ ಬಂತು?

ಪೂಲ್ ಮೇಜಿನ ಮೇಲೆ ಜೀವಹಾನಿಯಿಲ್ಲ. ಚೆಂಡು ಚೆಂಡನ್ನು ತಾಗುತ್ತದೆ, ಅಷ್ಟೆ. ದ್ರವ್ಯಹಿಂಸೆಯನ್ನು ಮಾತ್ರ ಲೆಕ್ಕಿಸುವವನಿಗೆ ಅದು ನಿರ್ದೋಷವಾದ ಸ್ಥಳ. ಆದರೆ ರಾಗಾದಿಗಳು ಹುಟ್ಟುವುದೇ ಹಿಂಸೆಯೆಂದೂ, ಕಷಾಯವಶನಾದವನು ಇತರರನ್ನು ಘಾತಿಸುವ ಮುನ್ನ ತನ್ನ ಆತ್ಮವನ್ನೇ ಘಾತಿಸುತ್ತಾನೆಂದೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರೂಪಿಸಿದ್ದಾರೆ. ರಕ್ತ ಬೀಳದ ಸ್ಪರ್ಧೆಯಲ್ಲಿ ಕ್ರೋಧ ಏನು ಮಾಡಬಲ್ಲದೆಂಬುದು ಕನ್ನಡ ಜೈನರಿಗೆ ಹೊಸದಲ್ಲ. ಸೈನ್ಯಗಳ ಸಂಹಾರವಾಗಬಾರದೆಂದು ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದರು. ಮೂರರಲ್ಲಿಯೂ ಸೋತ ಭರತ ಒಪ್ಪಂದವನ್ನು ಮರೆತು ತಮ್ಮನ ಮೇಲೆ ಚಕ್ರವನ್ನೇ ಪ್ರಯೋಗಿಸಿದ. ಭರತನ ಸಾಮರ್ಥ್ಯಕ್ಕೇನು ಕೊರತೆಯಿತ್ತು? ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದಾಗಲೂ ಆ ಚಕ್ರರತ್ನವನ್ನು ಚಕ್ರವರ್ತಿಯ ಪ್ರತಿಭೆಯ ಲಕ್ಷಣವೆಂದು ಕೊಂಡಾಡಿ ಸುಮ್ಮನಾಗಲಿಲ್ಲ. ಗೆದ್ದ ಬಾಹುಬಲಿಗೂ ರಿಯಾಯಿತಿ ದೊರೆಯಲಿಲ್ಲ. ಮನದ ಮೂಲೆಯಲ್ಲಿ ಉಳಿದ ಒಂದು ಎಳೆ ವರ್ಷಪೂರ್ತಿ ಕೇವಲಜ್ಞಾನಕ್ಕೆ ಅಡ್ಡವಾಗಿತ್ತೆಂದು ಪರಂಪರೆ ಹೇಳುತ್ತದೆ.

ಇಷ್ಟನ್ನು ಕೇಳುತ್ತ ಬೆಳೆದ ಸಮಾಜವು ನೀರನ್ನು ಸೋಸಿ ಕುಡಿಯುತ್ತದೆ, ಸೂರ್ಯಾಸ್ತದ ಮುನ್ನ ಊಟ ಮುಗಿಸುತ್ತದೆ, ಕಂದಮೂಲಗಳನ್ನು ವರ್ಜಿಸುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಮಾತ್ರ ಮೇಜು ಗುದ್ದಿ ಅರ್ಚಕರನ್ನು ಗದರುವ ಅಧ್ಯಕ್ಷರಿಗೆ, "ಅವರಿಲ್ಲದಿದ್ದರೆ ಜೀರ್ಣೋದ್ಧಾರವೇ ಆಗುತ್ತಿರಲಿಲ್ಲ" ಎಂದು ಸಮಾಧಾನ ಹೇಳಿಕೊಳ್ಳುತ್ತದೆ. ಸಭೆಗೆ ಬರುವುದನ್ನು ನಿಲ್ಲಿಸಿದ ಸೌಮ್ಯ ಸ್ವಭಾವದವರು ಏನೇನು ಮಾಡಬಹುದಾಗಿತ್ತೆಂಬ ಲೆಕ್ಕ ಯಾವ ವರದಿಯಲ್ಲಿಯೂ ಇರುವುದಿಲ್ಲ. ಮಗ ಪರೀಕ್ಷೆಯಲ್ಲಿ ಮೊದಲಿಗನಾದರೆ ತಾಯಿಯ ಮೇಲೆ ತಟ್ಟೆ ಎಸೆದದ್ದು ಚುರುಕುತನವಾಗಿಬಿಡುತ್ತದೆ. ಸ್ಟ್ರಿಕ್‌ಲ್ಯಾಂಡನನ್ನು ಕೆಣಕಿ ನಕ್ಕ ಪ್ರೇಕ್ಷಕರು ಆತನ ಕಷಾಯವನ್ನು ಮನರಂಜನೆಯಾಗಿ ಕೊಂಡರು. ಇಲ್ಲಿ ಅದನ್ನು ಸೇವೆಯ ಹೆಸರಿನಲ್ಲಿ ಕೊಳ್ಳಲಾಗುತ್ತಿದೆ. ಅನುಮೋದನೆಯ ಪಾಪ ಎರಡೂ ಕಡೆ ಒಂದೇ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನದು, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಅದರ ವಾಸನೆ ಉಳಿಯುವ ಕಾಲವನ್ನೂ ಅಳೆದಿದ್ದಾರೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನು ಮೀರಿದ್ದು ಅನಂತಾನುಬಂಧಿ, ಸಮ್ಯಕ್ತ್ವವನ್ನೇ ಕೆಡಿಸುವಂಥದು. ಈ ಅಳತೆಯಲ್ಲಿ ಪಂಡಿತರಿಗೆ, ದಾನಿಗಳಿಗೆ, ವಿಶ್ವಸ್ಥರಿಗೆ ಎಂದು ಪ್ರತ್ಯೇಕ ಕೋಷ್ಟಕವಿಲ್ಲ.

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯದು. ಅಂದು ಪ್ರವಚನ ಏರ್ಪಡಿಸುವ ಎಷ್ಟು ಟ್ರಸ್ಟುಗಳ ಕಪಾಟಿನಲ್ಲಿ ಇನ್ನೊಂದು ಬಣದ ಮೇಲೆ ಹೂಡಿದ ದಾವೆಯ ಕಡತ ವರ್ಷಗಳಿಂದ ದಪ್ಪವಾಗುತ್ತ ಬಂದಿದೆ ಎಂಬುದು ಊರೂರಿನವರಿಗೆ ಗೊತ್ತಿರುವ ಸಂಗತಿ. ಮುಂದಿನ ಭಾದ್ರಪದದಲ್ಲಿ ಗೊಮ್ಮಟಸಾರದ ಆ ಆರು ತಿಂಗಳ ಲೆಕ್ಕವನ್ನು ಪ್ರವಚನಕಾರರು ಗಟ್ಟಿಯಾಗಿ ಓದಿ ಹೇಳಲಿ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತವರು ಯಾರೇ ಆಗಿರಲಿ.