ಹೆಪ್ಪುಗಟ್ಟಿದ ನಿಲ್ದಾಣದಲ್ಲಿ ಇಬ್ಬರು

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಬಾಹ್ಯಾಕಾಶಕ್ಕೆ ಹೋಗಿಬಂದುದನ್ನು ಮಕ್ಕಳೆಲ್ಲರೂ ಬಲ್ಲರು. ಅವರು ತಂಗಿದ್ದ ಸೋವಿಯತ್ ನಿಲ್ದಾಣ ಸಲ್ಯೂತ್-7ಕ್ಕೆ ಮರುವರ್ಷ ಒದಗಿದ ಗತಿಯನ್ನು ಬಲ್ಲವರು ಕಡಿಮೆ.

1985ರ ಫೆಬ್ರವರಿಯಲ್ಲಿ, ಒಳಗೆ ಯಾರೂ ಇಲ್ಲದಿದ್ದಾಗ, ನಿಲ್ದಾಣವು ಭೂಮಿಯ ಕರೆಗೆ ಓಗೊಡದೆ ಮೂಕವಾಯಿತು. ಜೂನ್ 6ರಂದು ವ್ಲಾದಿಮಿರ್ ಜಾನಿಬೆಕೊವ್ ಮತ್ತು ವಿಕ್ಟರ್ ಸವಿನಿಖ್ ಸೊಯುಜ್ ಟಿ-13 ನೌಕೆಯಲ್ಲಿ ಅದನ್ನರಸಿ ಹೊರಟರು. ನಿಲ್ದಾಣದಿಂದ ಯಾವ ಸಂಕೇತವೂ ಬಾರದ್ದರಿಂದ ಜಾನಿಬೆಕೊವ್ ನೌಕೆಯನ್ನು ಕೈಯಾರೆ ನಡೆಸಿಯೇ ಜೋಡಿಸಬೇಕಾಯಿತು.

ಒಳಗೆ ಕಗ್ಗತ್ತಲು, ಗೋಡೆಗಳ ಮೇಲೆ ಹಿಮ, ಕುಡಿಯುವ ನೀರೆಲ್ಲ ಗಡ್ಡೆ. ಇಬ್ಬರೂ ಉಣ್ಣೆಯ ಟೋಪಿ ಧರಿಸಿ ದುಡಿದರು. ಚಳಿಗಿಂತ ಅಪಾಯಕರವಾದುದು ಅವರದೇ ಉಸಿರು. ತೂಕವಿಲ್ಲದ ಆ ನೆಲೆಯಲ್ಲಿ ಬೆಚ್ಚನೆಯ ಗಾಳಿ ತಾನಾಗಿ ಮೇಲೇರದು. ಫ್ಯಾನುಗಳು ನಿಂತಿದ್ದರೆ ಬಿಟ್ಟ ಉಸಿರು ಮುಖದ ಸುತ್ತಲೇ ಉಳಿಯುತ್ತದೆ. ಆದ್ದರಿಂದ ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಅವರನ್ನು ಗಮನಿಸುತ್ತಿರಬೇಕಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಕೆಟ್ಟ ಸಂವೇದಕ. ಬ್ಯಾಟರಿಗಳು ತುಂಬಿವೆಯೆಂದು ಅದು ತಪ್ಪಾಗಿ ಸೂಚಿಸಿದುದರಿಂದ ಅವು ಬರಿದಾಗಿದ್ದವು. ಸೌರಫಲಕಗಳಿಗೇನೂ ಆಗಿರಲಿಲ್ಲ! ಇಬ್ಬರೂ ತಂತಿಗಳ ತುದಿ ಬಿಡಿಸಿ ಫಲಕಗಳನ್ನು ಬ್ಯಾಟರಿಗಳಿಗೆ ನೇರವಾಗಿ ಜೋಡಿಸಿದರು. ತಮ್ಮ ನೌಕೆಯ ಎಂಜಿನುಗಳಿಂದಲೇ ಇಡೀ ನಿಲ್ದಾಣವನ್ನು ಸೂರ್ಯನ ಕಡೆಗೆ ತಿರುಗಿಸಿದರು. ತಂದಿದ್ದ ನೀರು ತೀರುತ್ತ ಬಂದಿತ್ತು. ದಿನಗಳು ಕಳೆದಂತೆ ನಿಲ್ದಾಣ ಬೆಚ್ಚಗಾಗಿ ಗಡ್ಡೆ ಕರಗಿತು.

ಸೆಪ್ಟೆಂಬರ್‌ನಲ್ಲಿ ಹೊಸ ತಂಡ ಬಂದಾಗ ಅಲ್ಲಿ ದೀಪಗಳು ಬೆಳಗುತ್ತಿದ್ದವು. ಜಾನಿಬೆಕೊವ್ ಭೂಮಿಗೆ ಮರಳಿದರು. ಸವಿನಿಖ್ ನವೆಂಬರ್‌ವರೆಗೂ ಅಲ್ಲಿಯೇ ಉಳಿದರು.