ಭಾನುವಾರ ಸಂಜೆಯ ಹೊಟ್ಟೆನೋವು

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಶನಿವಾರವೆಲ್ಲ ಲವಲವಿಕೆಯಿಂದ ಇರುತ್ತಾರೆ. ಭಾನುವಾರ ಮಧ್ಯಾಹ್ನದ ಊಟವೂ ಚೆನ್ನಾಗಿಯೇ ಆಗುತ್ತದೆ. ಸಂಜೆ ಐದು ಗಂಟೆ ಆಯಿತೆಂದರೆ ಮುಖ ಸಪ್ಪಗಾಗುತ್ತದೆ, ಹೊಟ್ಟೆಯಲ್ಲಿ ಏನೋ ಸಂಕಟ ಎನ್ನುತ್ತಾರೆ, ರಾತ್ರಿ ಊಟ ಬೇಡ ಎನ್ನುತ್ತಾರೆ. ಸೋಮವಾರ ರಜೆ ಇದ್ದರೆ ಮಾತ್ರ ಈ ಕಾಯಿಲೆ ಬರುವುದಿಲ್ಲ!

ಕೆಲವು ತಿಂಗಳ ಹಿಂದೆ 26 ವರ್ಷದ ಯುವಕನೊಬ್ಬ ತಾಯಿಯೊಂದಿಗೆ ನನ್ನ ಬಳಿ ಬಂದಿದ್ದ. (ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.) ಕೈಯಲ್ಲಿ ದಪ್ಪನೆಯ ಫೈಲು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ಮುಗಿದಿದ್ದವು. ಎಲ್ಲದರ ಕೆಳಗೂ 'ನಾರ್ಮಲ್' ಎಂದೇ ಬರೆದಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಒಳ್ಳೆಯ ಸಂಬಳ. ಆದರೆ ಮನಸ್ಸೆಲ್ಲ ನಾಟಕದಲ್ಲಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಬೇಕು, ಕೆಲಸ ಬಿಡಬೇಕು ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದಾನೆ.

"ನಾಟಕ ಬೇಡ ಅನ್ನಲ್ಲ ಡಾಕ್ಟ್ರೇ, ಭಾನುವಾರ ಆಡಲಿ. ಇಂಥ ಕೆಲಸ ಬಿಟ್ಟು ಆಡೋದು ಯಾವ ಜಾಣತನ? ನೀವೇ ಬುದ್ಧಿ ಹೇಳಿ" ಎಂದರು ತಾಯಿ. ತಾಯಿ ಆಚೆ ಹೋದಾಗ ಮಗ ಹೇಳಿದ್ದು: "ಈ ನೋವು ಬರೋದೇ ಕೆಲಸದಿಂದ ಅಂತ ಅಮ್ಮನಿಗೆ ಒಂದು ಮಾತು ಹೇಳಿಬಿಡಿ ಸರ್, ಸಾಕು."

ಇಬ್ಬರಿಗೂ ನನ್ನಿಂದ ಬೇಕಾಗಿದ್ದದ್ದು ಔಷಧಿಯಲ್ಲ, ಸರ್ಟಿಫಿಕೇಟು.

ಮೊದಲು ನೋವಿನ ವಿಷಯ. ಪರೀಕ್ಷೆಗಳೆಲ್ಲ ಸರಿಯಾಗಿವೆ ಎಂದ ಮಾತ್ರಕ್ಕೆ ನೋವು ಸುಳ್ಳಲ್ಲ. ಮಿದುಳಿಗೂ ಕರುಳಿಗೂ ನರಗಳ ಮೂಲಕ ಸದಾ ಮಾತುಕತೆ ನಡೆದೇ ಇರುತ್ತದೆ. ಆತಂಕವಾದಾಗ ಜಠರ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ, ಸಾಮಾನ್ಯವಾಗಿ ಗಮನಕ್ಕೆ ಬಾರದ ಸಣ್ಣ ಹಿಗ್ಗುವಿಕೆ ಕೂಡ ನೋವಾಗಿ ತಿಳಿಯುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ಎರಡು ಮೂರು ಸಲ ಶೌಚಕ್ಕೆ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿ ಹೋಗುತ್ತಿದ್ದರೆ ಅಥವಾ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ನಿದ್ದೆಯಿಂದ ಎಬ್ಬಿಸುವಷ್ಟು ನೋವು ಬಂದರೆ, ಆಫೀಸಿನ ಮೇಲೆ ತಪ್ಪು ಹೊರಿಸಿ ಕೂರಬೇಡಿ. ತಕ್ಷಣ ವೈದ್ಯರನ್ನು ಕಾಣಿ.

ಅವನ ನೋವಿಗೆ ಕೆಲಸವೇ ಕಾರಣವಿರಬಹುದು ಎಂದು ನನಗೂ ಅನಿಸಿತ್ತು. ಆದರೂ ಅವನು ಕೇಳಿದ ಒಂದು ಮಾತನ್ನು ನಾನು ಹೇಳಲಿಲ್ಲ. ಅದಕ್ಕೆ ಕಾರಣ ಹಳೆಯ ಕಥೆ.

2000-01ರಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗ ನನ್ನ ರೋಗಿಯೊಬ್ಬರು, ನಲವತ್ತಾರರ ಗುಮಾಸ್ತರು, ನನ್ನನ್ನು ಇದೇ ಪ್ರಶ್ನೆ ಕೇಳಿದ್ದರು. ಫೋಟೋಗ್ರಫಿ ಅವರ ಪ್ರಾಣ. "ಮನಸ್ಸು ಹೇಳಿದ ಹಾಗೆ ಮಾಡಿ, ಆರೋಗ್ಯ ತಾನಾಗಿ ಸರಿಹೋಗುತ್ತದೆ" ಎಂದು ಬೆನ್ನು ತಟ್ಟಿ ಕಳಿಸಿದವನು ನಾನು. ಬಂದ ಹಣದಲ್ಲಿ ಸ್ಟುಡಿಯೋ ಹಾಕಿದರು. ಮುಂದಿನ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಬಂತು, ರೀಲು ತೊಳೆಸುವವರು ಇಲ್ಲವಾದರು. ಸಾಲವಾಯಿತು. ಐದು ವರ್ಷದ ಮೇಲೆ ಏರಿದ ರಕ್ತದೊತ್ತಡ, ನಿದ್ದೆಯಿಲ್ಲದ ಕಣ್ಣು ಹೊತ್ತು ಬಂದರು. "ಡಾಕ್ಟ್ರೇ, ಈಗ ಕ್ಯಾಮೆರಾ ಮುಟ್ಟಿದ್ರೆ ಲೆಡ್ಜರ್ ಮುಟ್ಟಿದ ಹಾಗೇ ಆಗುತ್ತೆ" ಎಂದರು. ನನ್ನನ್ನು ಅವರು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಹಾಗಾದರೆ ಸಂಬಳಕ್ಕೆ ಅಂಟಿಕೊಂಡು ಕೂರಿ ಎಂದು ಹೇಳುತ್ತಿದ್ದೇನೆಯೇ? ಅಲ್ಲ. ನಾವು ಕೇಳುವ ಪ್ರಶ್ನೆಯೇ ತಪ್ಪಾಗಿರುತ್ತದೆ ಎನ್ನುತ್ತಿದ್ದೇನೆ. 'ಇಷ್ಟದ ಕೆಲಸವೋ, ಬೇಸರದ ಕೆಲಸವೋ' ಎಂದು ಕೇಳುತ್ತೇವೆ. ದೇಹ ಲೆಕ್ಕವಿಡುವುದು ಬೇರೆಯದನ್ನೇ.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ಒಂದು ಪ್ರಸಿದ್ಧ ಅಧ್ಯಯನವಿದೆ. 'ವೈಟ್‌ಹಾಲ್ ಅಧ್ಯಯನ' ಎಂದೇ ಅದಕ್ಕೆ ಹೆಸರು. ಮೇಲಧಿಕಾರಿಗಳಿಗೆ ಹೊಣೆ ಹೆಚ್ಚು, ಹೃದಯಾಘಾತ ಅವರಿಗೇ ಹೆಚ್ಚು ಎಂಬ ನಂಬಿಕೆ ಅಂದು ಸಾಮಾನ್ಯವಾಗಿತ್ತು. ಲೆಕ್ಕ ತೆಗೆದಾಗ ಕಂಡದ್ದು ತದ್ವಿರುದ್ಧ. ಹೃದ್ರೋಗದ ಸಾವು ಕೆಳದರ್ಜೆಯ ನೌಕರರಲ್ಲೇ ಹೆಚ್ಚು. 1985ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 10,000ಕ್ಕೂ ಹೆಚ್ಚು ಗಂಡಸರು, ಹೆಂಗಸರನ್ನು ಸೇರಿಸಿಕೊಂಡು ಎರಡನೆಯ ಅಧ್ಯಯನ ಆರಂಭಿಸಿದರು. ಬೀಡಿ-ಸಿಗರೇಟು, ಕೊಬ್ಬು, ರಕ್ತದೊತ್ತಡಗಳಷ್ಟರಿಂದಲೇ ಈ ವ್ಯತ್ಯಾಸ ಪೂರ್ತಿ ಅರ್ಥವಾಗಲಿಲ್ಲ. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ, ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದರಲ್ಲಿ ಮಾತೇ ನಡೆಯದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು.

ಗಮನಿಸಿ, ಇದು ಬೇಸರದ ಮಾತಲ್ಲ, ಹಿಡಿತದ ಮಾತು. ಬೇಸರದ ಕೆಲಸವಾದರೂ ಐದೂವರೆಗೆ ಬೀಗ ಹಾಕಿ ಮನೆಗೆ ಹೋಗುವವನಿಗೆ ಸಂಜೆಯ ಮೇಲೆ ಹಿಡಿತವಿರುತ್ತದೆ. 'ಮೈಸೂರ ಮಲ್ಲಿಗೆ' ಬರೆದ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಗಳಲ್ಲಿ ದುಡಿದವರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ತಜ್ಞರಾಗಿದ್ದುಕೊಂಡೇ ಕಾದಂಬರಿ ಬರೆದರು. ಅತ್ತ ಶಿವರಾಮ ಕಾರಂತರು ನೌಕರಿಯ ಗೊಡವೆಗೇ ಹೋಗದೆ ತೊಂಬತ್ತೈದು ವರ್ಷ ಬಾಳಿದರು. ಎರಡು ಬಗೆಯ ಉದಾಹರಣೆಯೂ ನಮ್ಮಲ್ಲಿದೆ. ವಾದಕ್ಕೆ ಬೇಕಾದ್ದನ್ನು ಆರಿಸಿಕೊಳ್ಳಬಹುದು!

ಇಷ್ಟದ ಕೆಲಸಕ್ಕೂ ಅದರದೇ ಕಾಯಿಲೆಯಿದೆ. 'ಬರ್ನ್‌ಔಟ್' ಎಂಬ ಮಾತನ್ನು ಈಗ ಆಫೀಸುಗಳಲ್ಲಿ ಎಲ್ಲರೂ ಬಳಸುತ್ತಾರೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಇದರ ಬಗ್ಗೆ ಬರೆದಾಗ ಅವರ ಕಣ್ಣಮುಂದೆ ಇದ್ದವರು ಬೇಸತ್ತ ಗುಮಾಸ್ತರಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದ ಸ್ವಯಂಸೇವಕರು. ಪ್ರೀತಿಯಿಂದ ಮಾಡುವವರೇ 'ಸಾಕು' ಎನ್ನಲಾರದೆ ಸುಟ್ಟುಹೋಗುತ್ತಾರೆ. ನಮ್ಮ ದಾದಿಯರನ್ನು, ಹಳ್ಳಿಶಾಲೆಯ ಒಳ್ಳೆಯ ಮೇಷ್ಟ್ರುಗಳನ್ನು ಕೇಳಿ ನೋಡಿ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಬರ್ನ್‌ಔಟ್‌ಗೆ ಜಾಗ ಸಿಕ್ಕಿದೆ, ಆದರೆ ಕಾಯಿಲೆಯಾಗಿ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯಾಗಿ. ದುಡಿಮೆಯ ಗಂಟೆಗಳನ್ನೂ ಮರೆಯಬಾರದು. ಅದೇ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಆ 55 ಗಂಟೆ ನಾಟಕದ ತಾಲೀಮೋ, ಕಂಪ್ಯೂಟರ್ ಮುಂದೆ ಕೂತದ್ದೋ ಎಂದು ರಕ್ತನಾಳ ಕೇಳಿಕೊಂಡು ಹೋಗುವುದಿಲ್ಲ.

ಯುವಕನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ನೀವೂ ಇದನ್ನು ಮಾಡಬಹುದು. ನಾಲ್ಕು ವಾರ ಪ್ರತಿದಿನ, ನೋವು ಯಾವಾಗ ಬಂತು, ಆಗ ಏನು ಮಾಡುತ್ತಿದ್ದೆ, ಅದರ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಎಷ್ಟು ಹೊತ್ತಿಗೆ, ಕಾಫಿ ಎಷ್ಟು ಲೋಟ. ಕಾರಣ ಬರೆಯಬೇಡ, ಸಮಯ ಮಾತ್ರ ಬರೆ ಎಂದೆ. ಕಾರಣ ನಮಗೆ ಮೊದಲೇ ಗೊತ್ತಿದೆ ಎಂದುಕೊಂಡಿರುತ್ತೇವಲ್ಲ, ಅದಕ್ಕೆ.

ಅವನು ತಂದ ಪುಟಗಳಲ್ಲಿ ಇಬ್ಬರೂ ನಿರೀಕ್ಷಿಸದ ಸಂಗತಿಯಿತ್ತು. ತಪ್ಪು ಹುಡುಕುವ ಆ 'ಬೋರು' ಕೆಲಸ ಮಾಡುತ್ತಿದ್ದಾಗ ನೋವು ಬಂದದ್ದು ಒಂದೇ ಸಲ. ಉಳಿದದ್ದೆಲ್ಲ ಸೋಮವಾರ ಮತ್ತು ಬುಧವಾರದ ಆಸುಪಾಸಿನಲ್ಲಿ. ಆ ಎರಡು ರಾತ್ರಿ ಹತ್ತು ಗಂಟೆಗೆ ಹೊರದೇಶದವರೊಂದಿಗೆ ಫೋನಿನಲ್ಲಿ ಸಭೆ. ಎಷ್ಟು ಹೊತ್ತಿಗೆ ಮುಗಿಯುತ್ತದೋ ಗೊತ್ತಿಲ್ಲ, ಯಾರು ಏನು ಕೇಳುತ್ತಾರೋ ಗೊತ್ತಿಲ್ಲ. ಊಟ ಹನ್ನೆರಡಕ್ಕೆ.

"ಹಾಗಾದ್ರೆ ನಾಟಕದ ಆಸೆ ಸುಳ್ಳಾ ಸರ್?" ಎಂದು ಕೇಳಿದ. ಮುಖ ಚಿಕ್ಕದಾಗಿತ್ತು. ಆಸೆ ಸುಳ್ಳಲ್ಲಪ್ಪಾ, ಹೊಟ್ಟೆನೋವನ್ನು ಅದಕ್ಕೆ ಸಾಕ್ಷಿ ಹಾಕಬೇಡ ಅಷ್ಟೇ ಎಂದೆ. ರಾತ್ರಿ ಸಭೆಗಳಿಲ್ಲದ ತಂಡಕ್ಕೆ ಬದಲಾಯಿಸಿಕೊಂಡು ನೋಡು. ನೋವು ಹೋದ ಮೇಲೂ ಹೆಗ್ಗೋಡು ಕರೆದರೆ ಹೋಗು. ನೋವಿನಿಂದ ಓಡಿಹೋದವನಿಗೆ ತಾಲೀಮಿನಲ್ಲಿ ಮೊದಲ ಬೈಗುಳ ಬಿದ್ದ ದಿನ ಮತ್ತೆ ಹೊಟ್ಟೆ ನೋಯುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಿರಲಿಲ್ಲ, ನಾನೇ ಕೇಳಿದೆ. ತಾಯಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಆಸ್ಪತ್ರೆ ಖರ್ಚು ಮಗನ ಕಂಪನಿಯ ಗುಂಪು ವಿಮೆಯಲ್ಲಿದೆ. ಕೆಲಸ ಬಿಟ್ಟರೆ ಅದು ಹೋಗುತ್ತದೆ. ಹೊಸದಾಗಿ ವಿಮೆ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಹಣ ಕೊಡದಿರಲು ಕಂಪನಿಗಳಿಗೆ ಅವಕಾಶವಿದೆ. ನೌಕರಿಯಲ್ಲಿರುವಾಗಲೇ, ಗುಂಪು ವಿಮೆಯನ್ನು ಸ್ವಂತ ವಿಮೆಯಾಗಿ ಬದಲಾಯಿಸಿಕೊಳ್ಳುವ ದಾರಿಯನ್ನು ವಿಚಾರಿಸಿಕೊಳ್ಳಬೇಕು. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಬೇಕು. ಕನಸಿನ ಮಾತು ನಡೆಯುವಾಗ ವಿಮೆಯ ಮಾತೆತ್ತುವುದು ರಸಭಂಗವೆಂದು ನಿಮಗೆ ಅನಿಸಬಹುದು. ಸ್ಟುಡಿಯೋ ಹಾಕಿದವರಿಗೆ ನಾನು ಹೇಳದೆ ಬಿಟ್ಟದ್ದು ಇದನ್ನೇ.

ಅವನಿಗೆ ತಂಡ ಬದಲಾಗಿದೆ. ನೋವು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅರ್ಜಿಯ ವಿಷಯ ನಾನು ಕೇಳಿಲ್ಲ. ತಾಯಿ ತಿಂಗಳಿಗೊಮ್ಮೆ ತಮ್ಮ ಸಕ್ಕರೆಯ ಚೀಟಿ ಹಿಡಿದು ಬರುತ್ತಾರೆ. ಮೊನ್ನೆ ಹೊರಡುವಾಗ ಬಾಗಿಲ ಬಳಿ ನಿಂತು, "ಹೆಗ್ಗೋಡಿನಲ್ಲಿ ಮಳೆ ಜಾಸ್ತಿ ಅಂತಾರೆ, ಹೌದಾ ಡಾಕ್ಟ್ರೇ?" ಎಂದು ಕೇಳಿದರು. ಹೌದು, ಮಲೆನಾಡಲ್ಲವೇ, ಬೆಚ್ಚನೆಯ ಬಟ್ಟೆ ಬೇಕಾಗುತ್ತದೆ ಎಂದೆ.