ರ‍್ಯಾಲಿ ನೋಡಿ, ಆದರೆ ನಿಂತ ಜಾಗವನ್ನೂ ನೋಡಿ

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ಕಾರ್ ರ‍್ಯಾಲಿ ನಡೆದಾಗ ಪೇಟೆಯ ಕಾರುಪ್ರಿಯರೂ ಬರುತ್ತಾರೆ, ಸುತ್ತಲ ಹಳ್ಳಿಯವರೂ ಸೇರುತ್ತಾರೆ. ಖುಷಿಯ ವಿಷಯವೇ. ಆದರೆ ನಾವು ನಿಲ್ಲುವುದೆಲ್ಲಿ?

1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ರಸ್ತೆಗೇ ಇಳಿದು ನಿಂತಿದ್ದ ಜನರ ನಡುವೆ ಕಾರೊಂದು ಹಿಡಿತ ತಪ್ಪಿ ನುಗ್ಗಿತು. ನೋಡಲು ಬಂದಿದ್ದ ಮೂವರು ಸತ್ತರು, ಹಲವರು ಗಾಯಗೊಂಡರು.

ವೇಗದ ಕಾರು ಜಾರಿದರೆ ಸಾಮಾನ್ಯವಾಗಿ ತಿರುವಿನ ಹೊರಬದಿಗೇ ಹೋಗುತ್ತದೆ. ವಿಡಿಯೋ ಚೆನ್ನಾಗಿ ಬರುತ್ತದೆಂದು ನಮ್ಮ ಹುಡುಗರು ನಿಲ್ಲುವುದೂ ಅಲ್ಲಿಯೇ! ಮೊಬೈಲ್‌ ಪರದೆಯಲ್ಲಿ ದೂರ ಕಾಣುವ ಕಾರು ನಿಜವಾಗಿ ಹತ್ತಿರವೇ ಇರುತ್ತದೆ.

ಎತ್ತರದ ದಿಬ್ಬದ ಮೇಲೆ, ರಸ್ತೆಯಿಂದ ದೂರ ನಿಲ್ಲಿ. ಆಯೋಜಕರೂ ಬರೀ ಟೇಪ್ ಕಟ್ಟಿ ಕೈತೊಳೆದುಕೊಂಡರೆ ಸಾಲದು. ಹಿಂದಿನ ದಿನವೇ ಊರೂರಿಗೆ ಬಂದು ಕನ್ನಡದಲ್ಲಿ ತಿಳಿಸಲಿ. ರಸ್ತೆ ನಮ್ಮದು, ಜೀವವೂ ನಮ್ಮದೇ.